ಕೋವಿಯ ಜೀರ್ಣೋದ್ಧಾರ

ಹಳೆಯ ಕೋವಿಗಳನ್ನು ಹಾಳುಮಾಡಿದವರ ಪಟ್ಟಿಯೊಂದನ್ನು ಯಾರಾದರೂ ಬರೆಯಹೊರಟರೆ, ಗೆದ್ದಲು, ಮಳೆಗಾಲ, ಕಳ್ಳಕಾಕರು ಇವರೆಲ್ಲರಿಗಿಂತ ಮೇಲಿನ ಸ್ಥಾನವು ಆ ಕೋವಿಗಳನ್ನು ಪ್ರೀತಿಸಿದವರಿಗೇ ಸಲ್ಲಬೇಕಾದೀತು. ಅಟ್ಟದ ಮೂಲೆಯಲ್ಲಿ ಎರಡು ಶತಮಾನಗಳ ಕಾಲ ಧೂಳು ಹಿಡಿದು ಬಿದ್ದಿದ್ದ ಚಕಮಕಿ ಕೋವಿಯೊಂದು ತನ್ನ ರೂಪವನ್ನೂ ಗುರುತುಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡೇ ಇರುತ್ತದೆ. ಅದನ್ನು ಕೆಳಗಿಳಿಸಿ, ಅಂಗಳದಲ್ಲಿ ಹಳೆಯ ಚಾಪೆಯೊಂದನ್ನು ಹಾಸಿ, ಸೈಕಲ್ ರಿಪೇರಿಗೆಂದು ಕೊಂಡ ತಿರುಪುಳಿಯನ್ನೂ ಉಪ್ಪುಕಾಗದವನ್ನೂ ಕೈಗೆತ್ತಿಕೊಳ್ಳುವ ಉತ್ಸಾಹಿಯಾದರೋ, ಆ ಎರಡು ಶತಮಾನಗಳು ಮಾಡಲಾರದೆ ಬಿಟ್ಟುದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾನೆ. ಅವನ ಉದ್ದೇಶದಲ್ಲಿ ದೋಷವಿಲ್ಲ. ದೋಷವಿರುವುದು, ಕೋವಿಯೆಂದರೆ ಒಂದೋ ಸಿಡಿಯಬೇಕಾದ ವಸ್ತು, ಇಲ್ಲವೇ ಹೊಳೆಯಬೇಕಾದ ವಸ್ತು ಎಂಬ ಅವನ ತಿಳಿವಳಿಕೆಯಲ್ಲಿ.

ಈ ಎರಡೂ ಅಲ್ಲದ ಮೂರನೆಯದೊಂದು ಪಕ್ಷವನ್ನು ಇಲ್ಲಿ ಪ್ರತಿಪಾದಿಸಬೇಕೆಂದಿದ್ದೇನೆ. ಪ್ರಾಚೀನ ಕೋವಿಯು ಒಂದು ದಾಖಲೆ. ಅದರ ಲೋಹ, ಮರ, ತಿರುಪು, ಗೀರು, ಕಲೆಗಳೆಲ್ಲವೂ ಆ ದಾಖಲೆಯ ಅಕ್ಷರಗಳು. ತಾಳೆಯ ಗರಿಯ ಪ್ರತಿಯೊಂದನ್ನು ಸಂಪಾದಿಸುವ ವಿದ್ವಾಂಸನು ತನಗೆ ಅರ್ಥವಾಗದ ಪಾಠವನ್ನು ತಿದ್ದಿ ಅಂದಗೊಳಿಸಿ ಮೂಲವನ್ನು ಕೆರೆದುಹಾಕುವುದಿಲ್ಲ. ಪಾಠವನ್ನು ಇದ್ದಂತೆಯೇ ಉಳಿಸಿ ತನ್ನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಬರೆಯುತ್ತಾನೆ. ಕೋವಿಯನ್ನು ಬಿಚ್ಚುವವನಿಗೂ ಸರಿಪಡಿಸುವವನಿಗೂ ಇದೇ ನೀತಿ ಅನ್ವಯಿಸಬೇಕೆಂಬುದು ನನ್ನ ವಾದ. ಇದು ಕೇವಲ ಭಾವುಕತೆಯ ಮಾತಲ್ಲವೆಂಬುದಕ್ಕೆ ಆ ಕೋವಿಗಳ ನಿರ್ಮಾಣಕ್ರಮವೇ ಸಾಕ್ಷಿ.

ಇಂದು ನಾವು ಬಳಸುವ ಯಾವ ಯಂತ್ರದಲ್ಲಾದರೂ ಒಂದು ತಿರುಪು ಕಳೆದುಹೋದರೆ ಅದೇ ಅಳತೆಯ ಇನ್ನೊಂದನ್ನು ಅಂಗಡಿಯಿಂದ ತಂದು ಹಾಕುತ್ತೇವೆ. ಹದಿನೆಂಟನೆಯ ಶತಮಾನದ ಕೋವಿಯಲ್ಲಿ ಅಂಥ ‘ಇನ್ನೊಂದು’ ಎಂಬುದೇ ಇರಲಿಲ್ಲ. ಒಂದೊಂದು ತಿರುಪನ್ನೂ ಅದು ಸೇರಬೇಕಾದ ರಂಧ್ರಕ್ಕೇ ಹೊಂದುವಂತೆ ಕಮ್ಮಾರನು ಕೈಯಾರೆ ತಿದ್ದಿರುತ್ತಿದ್ದನು. ಪಕ್ಕದ ರಂಧ್ರಕ್ಕೆ ಅದು ಹೋಗುತ್ತಿರಲಿಲ್ಲ, ಅಥವಾ ಹೋದಂತೆ ಕಂಡು ಒಳಗಿನ ಸುರುಳಿಯನ್ನು ಕಡಿದುಹಾಕುತ್ತಿತ್ತು. 1785ರಲ್ಲಿ ಫ್ರಾನ್ಸಿನ ಕೋವಿ ಕಮ್ಮಾರ ಆನರೆ ಬ್ಲಾಂಕನು ಐವತ್ತು ಲಾಕುಗಳ, ಎಂದರೆ ಕೋವಿಗೆ ಕಿಡಿ ಹೊತ್ತಿಸುವ ಯಂತ್ರಗಳ, ಬಿಡಿಭಾಗಗಳನ್ನು ಬೇರೆಬೇರೆಯಾಗಿ ವಿಂಗಡಿಸಿಟ್ಟಿದ್ದನ್ನೂ, ಅವುಗಳಿಂದ ಕೈಗೆ ಬಂದ ಭಾಗಗಳನ್ನು ತೆಗೆದು ತಾನೇ ಹಲವು ಲಾಕುಗಳನ್ನು ಜೋಡಿಸಲು ಸಾಧ್ಯವಾದುದನ್ನೂ ಅಮೆರಿಕದ ಥಾಮಸ್ ಜೆಫರ್ಸನನು ಬೆರಗಿನಿಂದ ತನ್ನ ದೇಶಕ್ಕೆ ಬರೆದು ತಿಳಿಸಿದನು. ಅದು ಪತ್ರ ಬರೆದು ತಿಳಿಸಬೇಕಾದಷ್ಟು ಅಪೂರ್ವ ಸಂಗತಿಯಾಗಿತ್ತೆಂಬುದನ್ನು ಗಮನಿಸಿದರೆ, ಅಂದಿನ ಉಳಿದೆಲ್ಲ ಕೋವಿಗಳ ಸ್ಥಿತಿ ಏನಿತ್ತೆಂಬುದು ತಾನೇ ತಿಳಿಯುತ್ತದೆ. ಎಷ್ಟೋ ಕೋವಿಗಳ ತಿರುಪಿನ ಮೈಮೇಲೂ ರಂಧ್ರದ ಬಳಿಯೂ ಅರದಿಂದ ಮಾಡಿದ ಒಂದು ಗೀರು, ಎರಡು ಗೀರು, ಮೂರು ಗೀರುಗಳು ಕಾಣುವುದುಂಟು. ಯಾವುದು ಎಲ್ಲಿಗೆ ಸೇರತಕ್ಕದ್ದೆಂಬುದನ್ನು ಕಮ್ಮಾರನು ತನಗಾಗಿ ಮಾಡಿಕೊಂಡ ಗುರುತು ಅದು. ಅದನ್ನು ತುಕ್ಕಿನ ಗೀರೆಂದು ತಿಳಿದು ಉಜ್ಜಿ ಅಳಿಸಿದವರೂ ಇದ್ದಾರೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ತಯಾರಾದ ಕೋವಿಗಳನ್ನೇ ತೆಗೆದುಕೊಳ್ಳೋಣ. ಅವುಗಳ ಮೇಲಿನ ಹುಲಿಪಟ್ಟೆಯ ಅಲಂಕಾರ, ಹುಲಿಯ ತಲೆಯ ಆಕಾರಕ್ಕೆ ಕಡೆದ ಭಾಗಗಳು, ಬೆಳ್ಳಿಬಂಗಾರದ ತೆಳುಕೆತ್ತನೆಯ ಬರಹಗಳು ಪ್ರಸಿದ್ಧವಾಗಿವೆ. ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ಟಿಪ್ಪುವು ಜಾರಿಗೆ ತಂದ ಮೇಲೆ, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಬಂದಿತು. ಅಂಥ ನಾಲ್ಕು ಅಂಕಿಗಳಿಂದ ಒಂದು ಕೋವಿಯ ಕಾಲವು ನಿರ್ಣಯವಾಗುತ್ತದೆ. ಅವು ಲೋಹದ ಮೇಲ್ಮೈಯಲ್ಲಿ ಉಗುರಿನ ದಪ್ಪವೂ ಇಲ್ಲದಷ್ಟು ತೆಳ್ಳಗೆ ಕೂತಿರುತ್ತವೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗಿದ ಆ ಕೋವಿಗಳಲ್ಲಿ ಒಂದನ್ನು ಯಾರೋ ಕಾಳಜಿಯ ಮನುಷ್ಯನು ಹೊಳಪಿನ ಆಸೆಯಿಂದ ಉಜ್ಜಿದನೆಂದಾದರೆ, ಲೂಟಿಗಾರನು ಬಿಟ್ಟುಹೋದುದನ್ನು ಅವನು ತೆಗೆದುಕೊಂಡಂತಾಯಿತು.

ಬಿಚ್ಚುವ ಮಾತಿಗೆ ಬರುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಕೋವಿಯಲ್ಲಿ ಮದ್ದುಗುಂಡು ಇದೆಯೆಂದೇ ಭಾವಿಸತಕ್ಕದ್ದು, ಇಲ್ಲವೆಂಬುದು ಪ್ರತ್ಯಕ್ಷ ಪ್ರಮಾಣದಿಂದ ಸಿದ್ಧವಾಗುವವರೆಗೆ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ರಣರಂಗದಿಂದ ಆಯ್ದು ತಂದ ಸುಮಾರು 27 ಸಾವಿರ ಬಂದೂಕುಗಳಲ್ಲಿ 24 ಸಾವಿರದಷ್ಟು ತುಂಬಿದ ಸ್ಥಿತಿಯಲ್ಲೇ ಇದ್ದವೆಂದೂ, ಅನೇಕವುಗಳಲ್ಲಿ ಒಂದರ ಮೇಲೊಂದು ಎರಡು ಮೂರು ಸಲ ಮದ್ದು ತುಂಬಿತ್ತೆಂದೂ ದಾಖಲೆಯಿದೆ. ಯುದ್ಧದ ಗಲಿಬಿಲಿಯಲ್ಲಿ ಹೀಗಾಯಿತೆನ್ನಬಹುದು; ಆದರೆ ಕಾಡುಹಂದಿಯ ನಿರೀಕ್ಷೆಯಲ್ಲಿ ತುಂಬಿಟ್ಟು ಹಂದಿ ಬಾರದೆ ಗೋಡೆಗೆ ಒರಗಿಸಿದ ಮನೆಯ ಕೋವಿಯ ಕಥೆಯೂ ಬೇರೆಯಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾದ ಕರಿಮದ್ದು ತೇವ ತಾಗದಿದ್ದರೆ ಮುಪ್ಪನ್ನರಿಯದು. ತೇವ ತಾಗಿದಲ್ಲೂ ಅದರ ಕುರುಹು ಉಳಿಯುವುದುಂಟು: 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ದೊರೆತಾಗ, ಅಲ್ಲಿನ ಕೆಸರಿನಲ್ಲಿಯೂ ಮದ್ದಿನ ವಾಸನೆ ಇತ್ತೆಂಬುದು ಆ ಅಗೆತದ ವರದಿಗಳಲ್ಲಿ ಬಂದ ಸಂಗತಿ.

ಪರೀಕ್ಷೆಯ ಕ್ರಮವೇನೋ ಸರಳ. ಮರದ ಕೋಲೊಂದನ್ನು ನಳಿಗೆಯ ಬಾಯಿಯಿಂದ ಅದು ತಡೆಯುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತುಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿದರೆ, ಕೋಲಿನ ತುದಿಯು ಕಿಡಿ ಒಳಹೊಗುವ ರಂಧ್ರವಾದ ರಂಜಕದ ಕಿವಿಯವರೆಗೂ ಮುಟ್ಟಬೇಕು. ಅದಕ್ಕಿಂತ ಎರಡು ಮೂರು ಅಂಗುಲ ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ. ಹಾಗಿದ್ದಲ್ಲಿ ಮುಂದಿನ ಕೆಲಸವು ಬಲ್ಲ ಕೋವಿ ಕಮ್ಮಾರನದು. ಬಿಸಿ ಮಾಡುವುದು, ಕೊರೆಯುವುದು, ಬಡಿಯುವುದು, ಯಾವುದೂ ಕೂಡದು.

ಬರಿದೆಂದು ಖಚಿತವಾದ ಕೋವಿಯನ್ನಾದರೂ ಬಿಚ್ಚಲೇಬೇಕೆ ಎಂಬುದು ಮುಂದಿನ ಪ್ರಶ್ನೆ. ಬಿಚ್ಚುವ ಕ್ರಿಯೆಯು ನಿರಪಾಯವಾದ ನೋಟವಲ್ಲ. ಮರದ ಹಿಡಿಯಲ್ಲಿ ಲಾಕು ಕೂರಲು ಕೊರೆದ ಗೂಡಿನ ಅಂಚು ಕಾಗದದಷ್ಟು ಕಿರಿದಾಗಿರುತ್ತದೆ. ಒಣಗಿ ಕುಗ್ಗಿದ ಆ ಮರವು ಲೋಹವನ್ನು ಹಿಡಿದುಕೊಂಡಿರುತ್ತದೆ. ಒಂದು ಕಡೆ ಮೊದಲೆದ್ದು ಇನ್ನೊಂದು ಕಡೆ ನಿಂತರೆ ಅಂಚಿನಿಂದ ಒಂದು ಸೀಳು ಕಿತ್ತುಬರುವುದು ನಿಶ್ಚಯ. ಆದ್ದರಿಂದ ಬಲ್ಲವರು ಎದುರು ಪಕ್ಕದಿಂದ ಬಂದಿರುವ ಲಾಕಿನ ಎರಡು ತಿರುಪುಗಳನ್ನು ಮೊದಲಿಗೆ ಕೆಲವು ಸುತ್ತು ಮಾತ್ರ ಸಡಿಲಿಸಿ, ಅವುಗಳ ತಲೆಯ ಮೇಲೆ ಮರದ ತುಂಡಿಟ್ಟು ಒಂದಾದ ಮೇಲೊಂದನ್ನು ಮೆಲ್ಲಗೆ ತಟ್ಟಿ, ಲಾಕು ತನ್ನ ಗೂಡಿನಿಂದ ಸಮತಟ್ಟಾಗಿ ಮೇಲೇಳುವಂತೆ ಮಾಡುತ್ತಾರೆ. ಹೊರಗಿನಿಂದ ಉಳಿಯನ್ನು ತೂರಿಸಿ ಮೀಟುವುದು ಅನಾಗರಿಕತನ. ನಳಿಗೆಯನ್ನು ಮರಕ್ಕೆ ಹಿಡಿದಿಡುವ ರೀತಿಯೂ ದೇಶದಿಂದ ದೇಶಕ್ಕೆ ಬೇರೆ: ಇಂಗ್ಲಿಷರ ‘ಬ್ರೌನ್ ಬೆಸ್’ ಬಂದೂಕಿನಲ್ಲಿ ಮರದ ಮೂಲಕ ಅಡ್ಡವಾಗಿ ಹಾಯುವ ಸಣ್ಣ ಕಡ್ಡಿಗಳು, ಫ್ರೆಂಚರ ಶಾರ್ಲ್‌ವಿಲ್ ಬಂದೂಕಿನಲ್ಲಿ ಲೋಹದ ಪಟ್ಟಿಗಳು, ನಮ್ಮ ದೇಶದ ಬತ್ತಿಕೋವಿಗಳಲ್ಲಿ ಅನೇಕ ವೇಳೆ ಸುತ್ತಿ ಬಿಗಿದ ಹಸಿತೊಗಲು ಅಥವಾ ತಂತಿ. ಆ ತೊಗಲನ್ನು ಕತ್ತರಿಸಿ ತೆಗೆದವನು ಅದನ್ನು ಮತ್ತೆ ಎಲ್ಲಿಂದ ತಂದಾನು? ಅದನ್ನು ಕಟ್ಟಿದ ಗಂಟೂ ಒಬ್ಬ ಕುಶಲಕರ್ಮಿಯ ಕೈಬರಹವಲ್ಲವೆ? ನಳಿಗೆಯ ಹಿಂತುದಿಯನ್ನು ಮುಚ್ಚಿರುವ ತಿರುಪಿನ ಬಿರಡೆಯನ್ನಂತೂ ಕಳಚಲೇಬಾರದು. ತುಕ್ಕಿನಿಂದ ನಳಿಗೆಯೊಡನೆ ಒಂದೇ ಆಗಿಹೋದ ಅದನ್ನು ಕದಲಿಸಲು ಬೇಕಾಗುವ ಬಲವು ನಳಿಗೆಯ ಮೇಲೆ ಅಳಿಸಲಾಗದ ಗಾಯಗಳನ್ನು ಮಾಡುತ್ತದೆ, ಮತ್ತು ಕಳಚಿದ್ದರಿಂದ ದೊರೆಯುವ ಜ್ಞಾನವಾದರೋ ಅತ್ಯಲ್ಪ.

ತಿರುಪುಳಿಯ ವಿಷಯವನ್ನು ಕ್ಷುದ್ರವೆಂದು ಬಗೆಯುವವರುಂಟು. ಇಡೀ ಕೋವಿಯ ಚರಿತ್ರೆಯಲ್ಲಿ ಆದ ಅನಾಹುತಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಈ ತಿರುಪುಳಿಯೇ ಎಂದು ನಾನು ಹೇಳಲು ಹಿಂಜರಿಯೆನು. ಹಳೆಯ ತಿರುಪಿನ ತಲೆಯ ಸೀಳು ಕಿರಿದು. ಅಂಗಡಿಯ ತಿರುಪುಳಿಯ ತುದಿಯಾದರೋ ಬೆಣೆಯ ಆಕಾರದಲ್ಲಿ ಅಗಲಿಸುತ್ತ ಹೋಗುವುದರಿಂದ ಸೀಳಿನ ತಳವನ್ನು ಮುಟ್ಟದೆ ಬಾಯಿಯಲ್ಲೇ ನಿಂತು, ತಿರುಗಿಸಿದ ಕೂಡಲೇ ಜಾರಿ, ಸೀಳಿನ ಅಂಚನ್ನು ಕೆಡಿಸಿ, ಪಕ್ಕದ ಕೆತ್ತನೆಯ ಮೇಲೂ ಒಂದು ಗೆರೆ ಎಳೆಯುತ್ತದೆ. ಒಂದೊಂದು ಸೀಳಿನ ಅಗಲ, ಆಳಗಳಿಗೆ ಸರಿಯಾಗಿ ತಿರುಪುಳಿಯ ತುದಿಯನ್ನು ಅರದಿಂದ ತಿದ್ದಿಕೊಳ್ಳುವ ತಾಳ್ಮೆಯಿಲ್ಲದವನು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಕದಲದ ತಿರುಪಿಗೆ ಬಲವು ಮದ್ದಲ್ಲ, ಕಾಲವು ಮದ್ದು: ಮರಕ್ಕೆ ತಾಗದಂತೆ ಒಂದು ತೊಟ್ಟು ತೆಳ್ಳನೆಯ ಎಣ್ಣೆಯನ್ನು ಬಿಟ್ಟು ದಿನಗಟ್ಟಲೆ ಕಾಯುವುದು, ಬಳಿಕ ಬೆಸುಗೆಯ ಕಡ್ಡಿಯ ಬಿಸಿತುದಿಯನ್ನು ತಿರುಪಿನ ತಲೆಗಷ್ಟೇ ಸೋಂಕಿಸುವುದು, ಮತ್ತೆ ಕಾಯುವುದು. ಇಷ್ಟಾದರೂ ಬಾರದ ತಿರುಪನ್ನು ಇದ್ದಲ್ಲಿಯೇ ಬಿಟ್ಟು ಎದ್ದುಹೋಗುವುದು ಸೋಲಲ್ಲ. ಆ ಕೋವಿಯ ಮಟ್ಟಿಗೆ ಅದೇ ಸರಿಯಾದ ನಿರ್ಣಯ.

ಲಾಕಿನ ಒಳಗೆ ಕೂತಿರುವ ದೊಡ್ಡ ಸ್ಪ್ರಿಂಗನ್ನು ಕುರಿತು ಇನ್ನೊಂದು ಮಾತು. ಚಕಮಕಿ ಕಲ್ಲನ್ನು ಬಾಯಲ್ಲಿ ಕಚ್ಚಿದ ಕುದುರೆಯು ಮುಂದಕ್ಕೆ ನುಗ್ಗಿ ಉಕ್ಕಿನ ಹಲಗೆಯನ್ನು ಕೆರೆದು ರಂಜಕದ ಬಟ್ಟಲಿಗೆ ಕಿಡಿ ಸುರಿಸುವ ಶಕ್ತಿಯೆಲ್ಲವೂ ಮಡಿಸಿದ ಈ ಉಕ್ಕಿನ ಪಟ್ಟಿಯದು. ಇದನ್ನು ತೆಗೆಯಬೇಕಾದರೆ, ಕುದುರೆಯನ್ನು ಪೂರ್ತಿ ಎಳೆದು ನಿಲ್ಲಿಸಿ, ಸ್ಪ್ರಿಂಗು ಅದುಮಿಕೊಂಡಿರುವಾಗಲೇ ಅದಕ್ಕೆಂದೇ ಮಾಡಿದ ಸಣ್ಣ ಇಕ್ಕುಳವನ್ನು ಹಾಕಿ ಹಿಡಿದು, ಆಮೇಲೆ ಕುದುರೆಯನ್ನು ಇಳಿಸಿದರೆ ಸ್ಪ್ರಿಂಗು ತಾನಾಗಿ ಕೈಗೆ ಬರುತ್ತದೆ. ಕುದುರೆಯು ಅದುಮಿದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ಇಕ್ಕುಳವು ಅದುಮಿದರೆ, ಇನ್ನೂರು ವರ್ಷದ ಆ ಉಕ್ಕು ಗಾಜಿನಂತೆ ಒಡೆಯಬಹುದು. ಬೀಗ ರಿಪೇರಿಯವರ ಪಕ್ಕಡದಿಂದ ಎಳೆದು ತೆಗೆಯುವ ಸಾಹಸದಲ್ಲಿ ಸ್ಪ್ರಿಂಗೂ ಹೋಗುತ್ತದೆ, ಕೆಲವೊಮ್ಮೆ ಕಣ್ಣೂ ಹೋಗುತ್ತದೆ.

ಇನ್ನು ಹೊಳಪಿನ ಪಕ್ಷದವರು. ‘ಹಳತನ್ನು ಹೊಸದರಂತೆ ಮಾಡುವುದೇ ಜೀರ್ಣೋದ್ಧಾರವಲ್ಲವೆ?’ ಎಂದು ಅವರು ಕೇಳುತ್ತಾರೆ. ಯುರೋಪಿನಲ್ಲಿ ಈ ಪ್ರಶ್ನೆಯ ಚರ್ಚೆಯು ಕಟ್ಟಡಗಳ ನಿಮಿತ್ತವಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ನಡೆದುಹೋಗಿದೆ. 1849ರಲ್ಲಿ ಜಾನ್ ರಸ್ಕಿನನು ಜೀರ್ಣೋದ್ಧಾರವೆಂಬುದು ವಿನಾಶದ ಅತ್ಯಂತ ಪೂರ್ಣವಾದ ಬಗೆಯೆಂದು ಖಂಡಿಸಿದನು. ವಿಲಿಯಂ ಮಾರಿಸನು 1877ರಲ್ಲಿ ಹಳೆಯ ಕಟ್ಟಡಗಳ ಮೈಯನ್ನು ಕೆರೆದು ಹೊಸದಾಗಿಸುವವರ ವಿರುದ್ಧ ಸಂಘವನ್ನೇ ಕಟ್ಟಿದನು. 1964ರ ವೆನಿಸ್ ಸನ್ನದು ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂದು ವಿಧಿಸಿತು. ರಸ್ಕಿನನ ಮಾತಿನಲ್ಲಿ ಅತಿಶಯವಿದೆ. ಅದನ್ನು ಅಕ್ಷರಶಃ ಪಾಲಿಸಿದರೆ ಕೋವಿಯನ್ನು ತುಕ್ಕಿಗೆ ಒಪ್ಪಿಸಿ ಕೈಮುಗಿದು ಕೂರಬೇಕಾಗುತ್ತದೆ. ಕಬ್ಬಿಣದ ಮೇಲಿನ ಕಿತ್ತಳೆಗೆಂಪಿನ ಪುಡಿತುಕ್ಕು ಜೀವಂತವಾದ ರೋಗ. ಮದ್ದು ಉರಿದು ಉಳಿದ ಲವಣಗಳು ಗಾಳಿಯ ತೇವವನ್ನು ಹೀರಿ ಅದನ್ನು ಪೋಷಿಸುತ್ತಿರುತ್ತವೆ. ಅದನ್ನು ಎಣ್ಣೆ ಸವರಿ, ಹಿತ್ತಾಳೆಯ ಅಥವಾ ಗಟ್ಟಿಮರದ ಚೂಪಾದ ಅಂಚಿನಿಂದ, ಕಬ್ಬಿಣಕ್ಕೆ ಗೀರಾಗದಂತೆ ಬಿಡಿಸಲೇಬೇಕು. ಆದರೆ ಅದರ ಪಕ್ಕದಲ್ಲೇ ಇರುವ ಕಡುಕಂದು ಬಣ್ಣದ ನುಣುಪಾದ ಪೊರೆಯು ರೋಗವಲ್ಲ. ಎಷ್ಟೋ ವೇಳೆ ಅದು ಕಮ್ಮಾರನೇ ಬೇಕೆಂದು ಬರಿಸಿದ ಬಣ್ಣ, ಇಲ್ಲವೇ ಕಾಲವು ತಾನಾಗಿ ಹೊದಿಸಿದ ಕವಚ. ಈ ಎರಡನ್ನೂ ಬೇರ್ಪಡಿಸಿ ನೋಡಲಾರದ ಕಣ್ಣಿಗೆ ಕೋವಿಯನ್ನು ಒಪ್ಪಿಸಬಾರದು. ಆಮ್ಲದಲ್ಲಿ ಅದ್ದುವವನು, ತಂತಿಕುಂಚವನ್ನು ಮೋಟಾರಿಗೆ ಕಟ್ಟಿ ತಿಕ್ಕುವವನು, ಹುಣಸೆಹಣ್ಣಿನಿಂದ ಹಿತ್ತಾಳೆಯ ಚೆಂಬನ್ನು ಬೆಳಗಿದಂತೆ ಕೋವಿಯ ಹಿತ್ತಾಳೆಯನ್ನೂ ಬೆಳಗುವವನು, ಇವರೆಲ್ಲರೂ ಒಂದೇ ಗುಂಪಿನವರು.

ಮರದ ವಿಷಯದಲ್ಲಿ ಇವರನ್ನು ಗುರುತಿಸುವುದು ಇನ್ನೂ ಸುಲಭ. ಒಳ್ಳೆಯ ಕೋವಿಯಲ್ಲಿ ಮರದ ಅಂಚು ಲೋಹಕ್ಕೆ ಸಮವಾಗಿ, ಇಲ್ಲವೇ ತುಸು ಮೇಲೆ ನಿಂತಿರುತ್ತದೆ. ಉಪ್ಪುಕಾಗದದ ಉಪಚಾರವಾದ ಕೋವಿಯಲ್ಲಿ ಮರವು ಲೋಹಕ್ಕಿಂತ ಕೆಳಗಿಳಿದು, ಲಾಕಿನ ಸುತ್ತ ಒಂದು ತಗ್ಗು ಬಿದ್ದಿರುತ್ತದೆ. ಕೋವಿಯನ್ನು ಕಣ್ಣಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿದರೆ ಸಾಕು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಮತ್ತು ಬ್ರಿಟಿಷ್ ಸೈನ್ಯದ ಸಿಪಾಯಿಗಳು ತಮ್ಮ ಬಂದೂಕುಗಳನ್ನು ಇಟ್ಟಿಗೆಯ ಪುಡಿಯಿಂದ ತಿಕ್ಕಿ ಬೆಳ್ಳಗೆ ಹೊಳೆಯುವಂತೆ ಇಡಬೇಕಾಗಿತ್ತು. ಹಾಗಿದ್ದ ಮೇಲೆ ಹೊಳಪೇ ಆ ಬಂದೂಕಿನ ಮೂಲಸ್ವರೂಪವಲ್ಲವೆ? ನಿಜ, ಅದು ಅದರ ಅಂದಿನ ಸ್ವರೂಪ. ಆದರೆ ಆ ಇಟ್ಟಿಗೆಪುಡಿಯೇ ಎಷ್ಟೋ ಮುದ್ರೆಗಳನ್ನು ಆಗಲೇ ಅರ್ಧ ತಿಂದಿತ್ತು. ಈಗ ಉಳಿದ ಅರ್ಧವನ್ನು ಪ್ರಾಮಾಣಿಕತೆಯ ಹೆಸರಿನಲ್ಲಿ ನಾವು ತಿನ್ನುವುದರಿಂದ ಆ ಸಿಪಾಯಿಯ ಬಂದೂಕು ನಮಗೆ ದೊರೆಯುವುದಿಲ್ಲ, ನಮ್ಮ ಕೈಯ ಗೀರುಗಳಿರುವ ಬೇರೊಂದು ಲೋಹದ ತುಂಡು ದೊರೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಪರಿವರ್ತಿತ ಕೋವಿಗಳ ಪ್ರಶ್ನೆ, ಮತ್ತು ಸಂಗ್ರಾಹಕರಲ್ಲಿ ನಾನು ಒಪ್ಪಲಾರದವರ ಸಂಖ್ಯೆ ಹೆಚ್ಚಿರುವುದೂ ಇಲ್ಲಿಯೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫಾರ್ಸೈತನು, ರಂಜಕದ ಬಟ್ಟಲಿನ ಮಿಂಚನ್ನು ಕಂಡು ಹಕ್ಕಿಗಳು ಗುಂಡು ತಗಲುವ ಮೊದಲೇ ಹಾರಿಹೋಗುವುದನ್ನು ನೋಡಿ ಬೇಸತ್ತು, ಬಡಿತದಿಂದಲೇ ಸಿಡಿಯುವ ರಾಸಾಯನಿಕದ ಪ್ರಯೋಗಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದನು. ಮುಂದೆ ತಾಮ್ರದ ಕೇಪು ಬಂದಿತು; 1840ರ ಸುಮಾರಿಗೆ ಸೈನ್ಯಗಳೂ ಸಾಮಾನ್ಯರೂ ತಮ್ಮ ಚಕಮಕಿ ಕೋವಿಗಳನ್ನು ಬಿಸಾಡದೆ, ಬಟ್ಟಲನ್ನೂ ಉಕ್ಕಿನ ಹಲಗೆಯನ್ನೂ ತೆಗೆದು, ಬರಿದಾದ ತಿರುಪಿನ ರಂಧ್ರಗಳನ್ನು ಮುಚ್ಚಿ, ಕೇಪು ಕೂರುವ ಮೊಲೆಯನ್ನು ಕೂರಿಸಿ, ಕುದುರೆಯನ್ನು ಬದಲಿಸಿ, ಕೇಪಿನ ಕೋವಿಗಳಾಗಿ ಮಾಡಿಕೊಂಡರು. ಇಂದು ಮಾರುಕಟ್ಟೆಯಲ್ಲಿ ಚಕಮಕಿ ಕೋವಿಗೆ ಬೆಲೆ ಹೆಚ್ಚು. ಆದ್ದರಿಂದ ಕೇಪಿನ ಭಾಗಗಳನ್ನು ಕಿತ್ತೆಸೆದು, ಹೊಸದಾಗಿ ಎರಕಹೊಯ್ದ ಕುದುರೆಯನ್ನೂ ಹಲಗೆಯನ್ನೂ ಜೋಡಿಸಿ ‘ಮೂಲಸ್ಥಿತಿಗೆ ತರುವ’ ಉದ್ಯಮವು ಬೆಳೆದಿದೆ. ಇದರಲ್ಲಿ ಮೂಲ ಯಾವುದು? 1790ರ ಕಮ್ಮಾರನ ಕೆಲಸವೂ ಚರಿತ್ರೆ, 1840ರ ಕಮ್ಮಾರನ ಕೆಲಸವೂ ಚರಿತ್ರೆ. ಹಳೆಯ ಕೋವಿಯೊಂದನ್ನು ಬಡತನದಿಂದಲೋ ಮಿತವ್ಯಯದಿಂದಲೋ ಅಭಿಮಾನದಿಂದಲೋ ಇನ್ನೊಂದು ತಲೆಮಾರಿನವರೆಗೆ ನಡೆಸಿದವರ ಬುದ್ಧಿವಂತಿಕೆಯನ್ನು ಅಳಿಸಿ, ಅದರ ಜಾಗದಲ್ಲಿ ನಮ್ಮ ಕಾಲದ ಅನುಕರಣೆಯೊಂದನ್ನು ಕೂರಿಸಿ, ಅದಕ್ಕೆ ಪ್ರಾಚೀನತೆಯ ಹೆಸರಿಡುವುದು ಕೂಟಲೇಖವಲ್ಲದೆ ಮತ್ತೇನು?

ಹಾಗಾದರೆ ಮುರಿದುದನ್ನು ಸರಿಪಡಿಸುವುದೇ ಬೇಡವೆ? ಬೇಕು, ಆದರೆ ಮಾಡಿದುದನ್ನು ಮುಂದೆ ಇನ್ನೊಬ್ಬನು ಬಿಡಿಸಬಲ್ಲಂತೆ ಮಾಡಬೇಕು. ಸೀಳಿದ ಮರವನ್ನು ಬಡಗಿಯ ವಜ್ರದ ಅಂಟಿನಿಂದ ಅಂಟಿಸಿದರೆ ಬಿಸಿ ಮತ್ತು ತೇವದಿಂದ ಅದನ್ನು ಮತ್ತೆ ಬಿಡಿಸಬಹುದು. ಇಂದಿನ ಎಪಾಕ್ಸಿ ಅಂಟಿನಿಂದ ಅಂಟಿಸಿದರೆ ಮರವು ಮುರಿದೀತೇ ಹೊರತು ಅಂಟು ಬಿಡದು. ಮುರಿದ ಸ್ಪ್ರಿಂಗಿನ ಸ್ಥಳದಲ್ಲಿ ಹೊಸದನ್ನು ಹಾಕುವುದಾದರೆ, ಹೊಸದರ ಒಳಮೈಯಲ್ಲಿ, ಹೊರಗೆ ಕಾಣದ ಕಡೆ, ಮಾಡಿದ ಇಸವಿಯನ್ನು ಕೊರೆದಿಡಬೇಕು. ಮುರಿದ ಹಳೆಯ ತುಂಡುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೋವಿಯ ಜೊತೆಗೇ ಇಡಬೇಕು.

ಈ ವಾದವನ್ನೆಲ್ಲ ಕೇಳಿದ ಕೊಡಗಿನ ಹಿರಿಯರೊಬ್ಬರು, ‘ವಸ್ತುಸಂಗ್ರಹಾಲಯದ ಕೋವಿಗೆ ಇದು ಸರಿ, ನಮ್ಮ ಕುಲದ ಐನ್‌ಮನೆಯ ಕೋವಿಗೆ ಹೇಗೆ ಹೊಂದೀತು?’ ಎಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ತೋಕ್‌ಪೂವಿನಿಂದ, ಎಂದರೆ ಕೋವಿಹೂವಿನಿಂದ, ಸಿಂಗರಿಸುವ ಮನೆಯಲ್ಲಿ, ಹುಟ್ಟು ಸಾವುಗಳನ್ನು ಕೋವಿಯ ಸದ್ದಿನಿಂದ ಊರಿಗೆ ಸಾರುವ ಸಂಪ್ರದಾಯದಲ್ಲಿ, ಕೋವಿಯು ಗತಕಾಲದ ದಾಖಲೆ ಮಾತ್ರವಲ್ಲ, ಮನೆಯ ಸದಸ್ಯನೂ ಹೌದು. ಆಯುಧ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯ ಹಿಂದೆ ಇರುವುದೂ ಈ ಸಂಬಂಧವೇ. ಇಂಥಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ತೂಗಹಾಕುವುದು ಇನ್ನೊಂದು ಬಗೆಯ ವಿನಾಶ. ಆದರೆ ಪೂಜೆಗೂ ಸಿಡಿತಕ್ಕೂ ಒಂದೇ ಕೋವಿ ಆಗಬೇಕೆಂಬ ನಿರ್ಬಂಧವೆಲ್ಲಿದೆ? ಹಳೆಯ ನಳಿಗೆಗಳು ಕಬ್ಬಿಣದ ಪಟ್ಟಿಗಳನ್ನು ಕಾಸಿ ಬಡಿದು ಬೆಸೆದು ಮಾಡಿದವು; ಆ ಬೆಸುಗೆಯ ಸಾಲಿನಲ್ಲಿ ಒಳಗೊಳಗೇ ಹಬ್ಬಿದ ತುಕ್ಕು ಹೊರಗಿನಿಂದ ಕಾಣುವುದಿಲ್ಲ, ಸಿಡಿದಾಗ ಎಡಗೈಯ ಬೆರಳುಗಳಿಗೇ ಅದರ ಅರಿವಾಗುವುದು. ಅಜ್ಜನ ಅಜ್ಜನ ಕೋವಿಗೆ ತೋಕ್‌ಪೂ ಸಲ್ಲಲಿ, ಸದ್ದು ಮಾಡುವ ಹೊಣೆಯನ್ನು ಹೊಸ ಕೋವಿ ಹೊರಲಿ.

ಕಾನೂನಿನ ದೃಷ್ಟಿಯೂ ಇಲ್ಲಿ ವಿಚಿತ್ರವಾಗಿ ನನ್ನ ಪಕ್ಷಕ್ಕೆ ಒದಗಿಬರುತ್ತದೆ. 1959ರ ಆಯುಧ ಕಾಯಿದೆಯು, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧವು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಅಸಾಧ್ಯವಾಗಿದ್ದರೆ ಮಾತ್ರ ಅದನ್ನು ತನ್ನ ವ್ಯಾಪ್ತಿಯಿಂದ ಬಿಡುತ್ತದೆ. ರಿಪೇರಿಗೆ ಒಳಪಡುವ ಕೋವಿಯು ಅಟ್ಟದಲ್ಲಿದ್ದರೂ ಕಾಯಿದೆಯ ಕಣ್ಣಿಗೆ ಕೋವಿಯೇ. ಆದ್ದರಿಂದ ಮನೆಯಲ್ಲಿ ಅಂಥದೊಂದು ಇದ್ದವರು ತಿರುಪುಳಿಯನ್ನು ಹುಡುಕುವ ಮೊದಲು ಅದರ ಕಾಗದಪತ್ರಗಳನ್ನು ಹುಡುಕುವುದು ವಿವೇಕ. ಆಮೇಲೆ ಎಲ್ಲ ಪಕ್ಕಗಳಿಂದಲೂ ಭಾವಚಿತ್ರ ತೆಗೆಸಿ, ನಳಿಗೆಯ ಉದ್ದ, ಬಾಯಿಯ ಅಗಲ, ಮುದ್ರೆ, ಬರಹ, ಬಿರುಕುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಲಿ. ಬಿಚ್ಚಿಸಲೇಬೇಕಾಗಿ ಬಂದರೆ, ರಟ್ಟಿನ ಮೇಲೆ ಕೋವಿಯ ಆಕಾರ ಬರೆದು ತೆಗೆದ ಒಂದೊಂದು ತಿರುಪನ್ನೂ ಅದು ಬಂದ ಜಾಗದಲ್ಲೇ ಚುಚ್ಚಿಡಲು ಹೇಳಲಿ. ಯಾರು, ಯಾವಾಗ, ಏನನ್ನು ಮಾಡಿದರು, ಏನನ್ನು ಮಾಡದೆ ಬಿಟ್ಟರು ಎಂಬುದನ್ನೂ ಅದೇ ನೋಟುಬುಕ್ಕಿನಲ್ಲಿ ಸಹಿಯೊಡನೆ ಬರೆಸಿಕೊಳ್ಳಲಿ.